ನಿಮಗಿದು ಗೊತ್ತೇ? ಪವರ್ ಬ್ಯಾಂಕಿನ ಬೆನ್ನ ಮೇಲಿನ ಸಣ್ಣಕ್ಷರ

ಮೊಬೈಲ್ ಅಂಗಡಿಯ ಗಾಜಿನ ಕಪಾಟಿನಲ್ಲಿ ಸಾಲಾಗಿ ಇಟ್ಟ ಪವರ್ ಬ್ಯಾಂಕುಗಳ ಮುಖದ ಮೇಲೆ ದಪ್ಪಕ್ಷರದಲ್ಲಿ ಒಂದು ಸಂಖ್ಯೆ ಇರುತ್ತದೆ: 10,000 ಇಲ್ಲವೇ 20,000. ಹೆಚ್ಚಿನವರು ಅದೊಂದನ್ನೇ ನೋಡಿ ಹಣ ಕೊಡುತ್ತಾರೆ. ಫೋನು, ಟ್ಯಾಬ್ಲೆಟ್ ಎಷ್ಟು ಸಲ ತುಂಬುತ್ತವೆ, ಎಷ್ಟು ಬೇಗ ತುಂಬುತ್ತವೆ, ಜತೆಗಿಟ್ಟುಕೊಂಡು ಮಲಗಬಹುದೇ, ವಿಮಾನದಲ್ಲಿ ಒಯ್ಯಬಹುದೇ ಎಂಬುದಕ್ಕೆಲ್ಲ ಉತ್ತರ ಇರುವುದು ಬೆನ್ನ ಮೇಲಿನ ಸಣ್ಣಕ್ಷರದಲ್ಲಿ. ಅದನ್ನು ಓದುವುದು ಕಷ್ಟವೇನಲ್ಲ, ಕೂಡಿಸಿ ಗುಣಿಸಲು ಬಂದರೆ ಸಾಕು.

● 10,000 ಎಂಎಎಚ್ (ಮಿಲಿ ಆಂಪಿಯರ್ ಅವರ್) ಪವರ್ ಬ್ಯಾಂಕಿನಿಂದ ಫೋನಿಗೆ 10,000 ಎಂಎಎಚ್ ಹರಿಯುವುದಿಲ್ಲ. ಇದರಲ್ಲಿ ಮೋಸವೇನೂ ಇಲ್ಲ. ಒಳಗಿರುವ ಲಿಥಿಯಂ-ಅಯಾನ್ ಸೆಲ್ಲಿನ ಸರಾಸರಿ ಒತ್ತಡ 3.7 ವೋಲ್ಟ್. ಯುಎಸ್‌ಬಿ ಪೋರ್ಟಿನಿಂದ ಹೊರಬರುವುದು 5 ವೋಲ್ಟ್. ಒತ್ತಡ ಏರಿಸಿದಷ್ಟೂ ಎಂಎಎಚ್ ಇಳಿಯುತ್ತದೆ. ಹಾಗಾಗಿ 3.7 ವೋಲ್ಟಿನಲ್ಲಿ 10,000 ಆಗಿದ್ದದ್ದು 5 ವೋಲ್ಟಿಗೆ ಬರುವಾಗ 7,400 ಆಗುತ್ತದೆ. ಒತ್ತಡ ಏರಿಸುವ ಸರ್ಕ್ಯೂಟ್ ಬಿಸಿಯಾಗುತ್ತದಲ್ಲ, ಆ ಬಿಸಿಗೆ ಇನ್ನೊಂದು ಹತ್ತು–ಹದಿನೈದು ಶೇಕಡಾ ಖರ್ಚು. ಕೊನೆಗೆ ಉಳಿಯುವುದು 6,300ರಿಂದ 6,600.

● ಈ ಲೆಕ್ಕವನ್ನು ತಯಾರಕರೇ ಮಾಡಿ ಬರೆದಿರುತ್ತಾರೆ. ಕನ್ನಡಕ ಏರಿಸಿ ಬೆನ್ನ ಮೇಲಿನ ಚೀಟಿ ಓದಿ. ಮೊದಲ ಸಾಲಿನಲ್ಲಿ ಸೆಲ್ಲಿನ ಸಾಮರ್ಥ್ಯ: 10,000 ಎಂಎಎಚ್, 3.7 ವೋಲ್ಟ್, 37 ವ್ಯಾಟ್‌ಅವರ್. ಅದರ ಕೆಳಗೆ ‘ರೇಟೆಡ್ ಕೆಪ್ಯಾಸಿಟಿ’ ಎಂದು ಆರು ಸಾವಿರದ ಆಸುಪಾಸಿನ ಇನ್ನೊಂದು ಸಂಖ್ಯೆ, ಪಕ್ಕದಲ್ಲಿ 5 ವೋಲ್ಟ್ ಎಂಬ ಷರತ್ತು. ನಿಮಗೆ ಸಿಗುವುದು ಈ ಎರಡನೆಯದು. ನಂತರ ಇನ್‌ಪುಟ್, ಅಂದರೆ ಅದು ತಾನು ತುಂಬಿಕೊಳ್ಳುವ ವೇಗ. ನಂತರ ಪ್ರತಿ ಪೋರ್ಟಿನ ಔಟ್‌ಪುಟ್. ಕೊನೆಗೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ಗುರುತು. ರೇಟೆಡ್ ಕೆಪ್ಯಾಸಿಟಿಯ ಸಾಲೇ ಇಲ್ಲದ ಪವರ್ ಬ್ಯಾಂಕನ್ನು ಅಲ್ಲೇ ಬಿಟ್ಟು ಬರುವುದು ಮೇಲು.

● ಎಂಎಎಚ್ ಸಂಖ್ಯೆಯನ್ನು ವೋಲ್ಟಿನಿಂದ ಗುಣಿಸಿ 1,000ದಿಂದ ಭಾಗಿಸಿದರೆ ವ್ಯಾಟ್‌ಅವರ್ ಸಿಗುತ್ತದೆ. ಶಕ್ತಿಯ ನಿಜವಾದ ಅಳತೆ ಇದು. ಒತ್ತಡ ಏರಲಿ ಇಳಿಯಲಿ, ಇದು ಬದಲಾಗುವುದಿಲ್ಲ. ಹಾಗಾಗಿ ಬೇರೆ ಬೇರೆ ವೋಲ್ಟಿನ ಸಾಧನಗಳನ್ನು ಇದರಲ್ಲಿ ಮಾತ್ರ ಹೋಲಿಸಿ ನೋಡಲು ಸಾಧ್ಯ.

ಉದಾಹರಣೆಗೆ 5,000 ಎಂಎಎಚ್ ಫೋನಿನ ಬ್ಯಾಟರಿ ಸುಮಾರು 3.85 ವೋಲ್ಟಿನದು, ಅಂದರೆ 19 ವ್ಯಾಟ್‌ಅವರ್ ಚಿಲ್ಲರೆ. ಹತ್ತನೇ ತಲೆಮಾರಿನ ಐಪ್ಯಾಡಿನ ಬ್ಯಾಟರಿ 28.6 ವ್ಯಾಟ್‌ಅವರ್. 12.9 ಇಂಚಿನ ಐಪ್ಯಾಡ್ ಪ್ರೊಗೆ 41ರ ಹತ್ತಿರ. ಈಗ 37 ವ್ಯಾಟ್‌ಅವರಿನ ಪವರ್ ಬ್ಯಾಂಕ್ ಶೇ 85ರಷ್ಟು ಹೊರಗೆ ಕೊಟ್ಟರೆ 31. ಅದನ್ನು ಒಳಗೆ ತೆಗೆದುಕೊಳ್ಳುವಾಗ ಫೋನು, ಟ್ಯಾಬ್ಲೆಟ್‌ಗಳೂ ಹತ್ತನೇ ಒಂದು ಭಾಗ ಕಳೆಯುತ್ತವೆ. ಉಳಿದದ್ದು 28. ಫೋನಿಗಾದರೆ ಇದು ಸುಮಾರು ಒಂದೂವರೆ ಸಲ, ಸಾಧಾರಣ ಐಪ್ಯಾಡಿಗೆ ಕಷ್ಟಪಟ್ಟು ಒಂದು ಸಲ, ದೊಡ್ಡ ಐಪ್ಯಾಡಿಗೆ ಮೂರನೇ ಎರಡು ಭಾಗ ಮಾತ್ರ. ಟ್ಯಾಬ್ಲೆಟ್ ಇರುವವರು 20,000ಕ್ಕೆ ಕಡಿಮೆ ನೋಡಬಾರದು ಎಂದು ನಾನು ಹೇಳುವುದು ಈ ಲೆಕ್ಕದ ಮೇಲೆ.

● ಎಲ್ಲ ಲಿಥಿಯಂ ಸೆಲ್ಲುಗಳೂ 3.7 ವೋಲ್ಟಿನವಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲಿನ ಒತ್ತಡ 3.2. ಅದರಲ್ಲಿ 10,000 ಎಂಎಎಚ್ ಎಂದರೆ 32 ವ್ಯಾಟ್‌ಅವರ್ ಅಷ್ಟೇ. ಆದರೆ ಬಾಳಿಕೆ ಬಹಳ ಹೆಚ್ಚು, ಬೆಂಕಿಯ ಭಯ ಕಡಿಮೆ. ತೂಕ ಮಾತ್ರ ಜಾಸ್ತಿ.

● ‘50,000 ಎಂಎಎಚ್, ಬೆಲೆ 700 ರೂಪಾಯಿ’ ಎಂಬ ಮಾಲು ಸುಳ್ಳೆಂದು ತಿಳಿಯಲು ತಕ್ಕಡಿ ಸಾಕು. ಪವರ್ ಬ್ಯಾಂಕುಗಳಲ್ಲಿ ಬಳಸುವ ದುಂಡನೆಯ ಸೆಲ್ಲಿನ ಹೆಸರು 18650: 18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಅದು ದುಂಡಗಿದೆ ಎಂಬುದಕ್ಕೆ. ಒಂದು ಸೆಲ್ಲಿನ ತೂಕ 45ರಿಂದ 50 ಗ್ರಾಂ. ಒಳ್ಳೆಯ ಕಂಪನಿಯ ಉತ್ತಮ ಸೆಲ್ಲಿನಲ್ಲೂ 3,500 ಎಂಎಎಚ್ ಸುತ್ತಮುತ್ತ ಹಿಡಿದರೆ ಹೆಚ್ಚು. ನಾಲ್ಕು ಸೆಲ್ ಹಿಡಿಯುವ ಡಬ್ಬಿಯಲ್ಲಿ 14,000ಕ್ಕಿಂತ ಹೆಚ್ಚು ಇರಲು ಸಾಧ್ಯವೇ ಇಲ್ಲ. 50,000 ನಿಜವಾಗಿಯೂ ಬೇಕೆಂದರೆ ಬರೀ ಸೆಲ್ಲುಗಳೇ 700 ಗ್ರಾಂ ತೂಗುತ್ತವೆ. ಸರಿಯಾದ 10,000ದ ಪವರ್ ಬ್ಯಾಂಕ್ ಸಾಮಾನ್ಯವಾಗಿ 180ರಿಂದ 240 ಗ್ರಾಂ ತೂಗುತ್ತದೆ, 20,000ದ್ದು 340ರಿಂದ 450. ಅಂಗಡಿಯಲ್ಲಿ ಎತ್ತಿ ನೋಡಿದಾಗ ಹಗುರ ಅನಿಸಿದರೆ ಅದು ಗುಣವಲ್ಲ, ದೋಷ.

ಇಂಥ ಮಾಲನ್ನು ಕೊಳ್ಳುವವರು ಯಾರು ಎಂದು ಯೋಚಿಸಿದಾಗ ನನಗೆ ಸಿಟ್ಟು ಬರುತ್ತದೆ. ಹಗಲಿಡೀ ಫೋನಿನ ಮೇಲೆ ದುಡಿಯುವ ಡೆಲಿವರಿ ಹುಡುಗರು, ಹಾಸ್ಟೆಲ್ ಮಕ್ಕಳು, ಕರೆಂಟು ಹೋಗಿ ಬರುವ ಊರಿನವರು. ಕಡಿಮೆ ಬೆಲೆಗೆ ಹೆಚ್ಚು ಸಾಮರ್ಥ್ಯ ಬೇಕಾದವರಿಗೇ ಈ ಸುಳ್ಳು ಸಂಖ್ಯೆ ತೋರಿಸಿ ಮಾರುತ್ತಾರೆ.

● ಭಾರತದಲ್ಲಿ ಬಿಐಎಸ್ ನೋಂದಣಿ ಇಲ್ಲದ ಪವರ್ ಬ್ಯಾಂಕ್ ಮಾರುವುದು ಕಾನೂನುಬಾಹಿರ. 2014ರ ನವೆಂಬರ್‌ನಲ್ಲಿ ಕಡ್ಡಾಯ ನೋಂದಣಿಯ ಪಟ್ಟಿಗೆ ಸೇರಿದ ಹದಿನೈದು ಬಗೆಯ ಸಾಮಾನುಗಳಲ್ಲಿ ಪವರ್ ಬ್ಯಾಂಕೂ ಒಂದು. ಸಾಧನದ ಮೇಲೆ ಬಿಐಎಸ್‌ನ ಗುರುತು, ಐಎಸ್ 13252 ಎಂಬ ಮಾನದಂಡದ ಸಂಖ್ಯೆ, ಜತೆಗೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಒಳಗಿನ ಸೆಲ್ಲಿಗೆ ಬೇರೆಯೇ ಮಾನದಂಡ, ಐಎಸ್ 16046.

ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಆದ್ದರಿಂದ ‘ಬಿಐಎಸ್ ಕೇರ್’ ಆ್ಯಪ್ ತೆರೆದು ಆ ಆರ್-ಸಂಖ್ಯೆಯನ್ನು ಹಾಕಿ ನೋಡಿ. ತಯಾರಕರ ಹೆಸರು, ಯಾವ ಸಾಮಾನಿಗೆ ನೋಂದಣಿ, ಅದು ಚಾಲ್ತಿಯಲ್ಲಿದೆಯೇ ಎಂಬುದೆಲ್ಲ ಬರುತ್ತದೆ. ಅಂಗಡಿಯ ಮುಂದೆ ನಿಂತೇ ಒಂದು ನಿಮಿಷದಲ್ಲಿ ಮುಗಿಸಬಹುದಾದ ಕೆಲಸ. ಪವರ್ ಬ್ಯಾಂಕಿನ ಸಂಖ್ಯೆ ಹಾಕಿದಾಗ ಆ್ಯಪಿನಲ್ಲಿ ಅಡಾಪ್ಟರಿನ ಹೆಸರು ಬಂದರೆ ಅದನ್ನು ಕೊಳ್ಳಬೇಡಿ.

● ಪವರ್ ಬ್ಯಾಂಕಿನ ಮೇಲಿನ ಜಿಎಸ್‌ಟಿ ಮೊದಲು ಶೇ 28 ಇತ್ತು. 2019ರ ಜನವರಿ 1ರಿಂದ ಶೇ 18ಕ್ಕೆ ಇಳಿಯಿತು. ಬಿಲ್ ಕೇಳಿ ಪಡೆಯಿರಿ, ಗ್ಯಾರಂಟಿಗೆ ಅದೇ ಆಧಾರ.

● ಪವರ್ ಬ್ಯಾಂಕಿನ ನಿಜವಾದ ಸಾಮರ್ಥ್ಯವನ್ನು ಮನೆಯಲ್ಲೇ ಅಳೆಯಬಹುದು. ಬೇಕಾಗುವುದು ಕೆಲವು ನೂರು ರೂಪಾಯಿಯ ಯುಎಸ್‌ಬಿ ಟೆಸ್ಟರ್. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಸಿಗುತ್ತದೆ, ಆನ್‌ಲೈನಿನಲ್ಲೂ ಸಿಗುತ್ತದೆ. ಹೆಬ್ಬೆರಳಿನಷ್ಟು ದೊಡ್ಡ ಡಬ್ಬಿ, ಅದಕ್ಕೊಂದು ಪುಟ್ಟ ಪರದೆ.

ಪವರ್ ಬ್ಯಾಂಕನ್ನು ಪೂರ್ತಿ ಚಾರ್ಜ್ ಮಾಡಿ ಒಂದು ಗಂಟೆ ಬಿಡಿ. ಟೆಸ್ಟರನ್ನು ಅದರ ಪೋರ್ಟಿಗೆ ಸಿಕ್ಕಿಸಿ, ಟೆಸ್ಟರಿಗೆ ಕೇಬಲ್, ಕೇಬಲ್ಲಿಗೆ ಚಾರ್ಜ್ ಮುಗಿದ ಫೋನ್ ಅಥವಾ ಟ್ಯಾಬ್ಲೆಟ್. ಪರದೆಯ ಮೇಲೆ ವೋಲ್ಟ್, ಆಂಪಿಯರ್, ಎಂಎಎಚ್, ವ್ಯಾಟ್‌ಅವರ್ ನಾಲ್ಕೂ ಓಡತೊಡಗುತ್ತವೆ. ಒಂದು ಸಾಧನ ತುಂಬಿದರೆ ಇನ್ನೊಂದನ್ನು ಸಿಕ್ಕಿಸಿ. ಪವರ್ ಬ್ಯಾಂಕ್ ತಾನಾಗಿ ಆರುವ ತನಕ ನಡೆಯಲಿ. ಕೊನೆಗೆ ಉಳಿಯುವ ವ್ಯಾಟ್‌ಅವರ್ ಸಂಖ್ಯೆಯನ್ನು ಚೀಟಿಯ ಮೇಲಿನ ವ್ಯಾಟ್‌ಅವರಿನಿಂದ ಭಾಗಿಸಿ. 37ಕ್ಕೆ 31.5 ಬಂತು ಎನ್ನಿ, ಶೇ 85. ಅದು ಒಳ್ಳೆಯ ಪವರ್ ಬ್ಯಾಂಕ್. ಶೇ 80 ಬಂದರೂ ನಡೆಯುತ್ತದೆ. ಹೊಸದರಲ್ಲೇ ಶೇ 75ಕ್ಕಿಂತ ಕೆಳಗಿದ್ದರೆ ಸೆಲ್ಲುಗಳು ಹೇಳಿದಷ್ಟು ದೊಡ್ಡವಲ್ಲ, ಇಲ್ಲವೇ ಸರ್ಕ್ಯೂಟ್ ಕಳಪೆ. ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಅಳೆಯಿರಿ.

ಟೆಸ್ಟರಿನಲ್ಲಿ ಎಂಎಎಚ್ ನೋಡಿ ಗಾಬರಿಯಾಗಬೇಡಿ. ಫಾಸ್ಟ್ ಚಾರ್ಜಿಂಗ್ ನಡೆಯುವಾಗ ಒತ್ತಡ 9 ವೋಲ್ಟಿಗೆ ಏರುತ್ತದೆ. ಆಗ ಅದೇ 31.5 ವ್ಯಾಟ್‌ಅವರ್ ಬರೀ 3,500 ಎಂಎಎಚ್ ಎಂದು ಕಾಣುತ್ತದೆ. ಜತೆಗೆ ಇನ್ನೊಂದನ್ನು ಗಮನಿಸಿ: 5 ವೋಲ್ಟಿನ ಪೋರ್ಟಿನಿಂದ 2 ಆಂಪಿಯರ್ ಎಳೆಯುವಾಗ ಒತ್ತಡ 4.75ಕ್ಕಿಂತ ಕೆಳಗೆ ಜಾರಬಾರದು. ಜಾರಿದರೆ ಆ ಪವರ್ ಬ್ಯಾಂಕಿಗೆ ತಾನೇ ಹೇಳಿಕೊಂಡ ಭಾರ ಹೊರಲು ಆಗುತ್ತಿಲ್ಲ ಎಂದರ್ಥ.

ಬಂದ ಸಂಖ್ಯೆಯನ್ನು ದಿನಾಂಕದ ಸಮೇತ ಪವರ್ ಬ್ಯಾಂಕಿನ ಬೆನ್ನಿಗೇ ಒಂದು ಚೀಟಿ ಅಂಟಿಸಿ ಬರೆದಿಡಿ. ವರ್ಷ ಕಳೆದ ಮೇಲೆ ಮತ್ತೊಮ್ಮೆ ಅಳೆದರೆ ಸೆಲ್ ಎಷ್ಟು ಸವೆದಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಸಾಮಾನ್ಯ ಲಿಥಿಯಂ-ಅಯಾನ್ ಸೆಲ್ 300ರಿಂದ 500 ಸಲ ತುಂಬಿ ಬರಿದಾದ ಮೇಲೆ ಮೊದಲಿನ ಶೇ 80ಕ್ಕೆ ಇಳಿಯುತ್ತದೆ.

● ಟೆಸ್ಟರ್ ಇಲ್ಲವೇ? ಫೋನಿನ ಶೇಕಡಾವನ್ನೇ ಬರೆದುಕೊಳ್ಳುತ್ತ ಹೋಗಿ. 10ರಿಂದ 90ಕ್ಕೆ ಏರಿದರೆ 80, ಮರುದಿನ 25ರಿಂದ 90ಕ್ಕೆ ಏರಿಸಿ ಪವರ್ ಬ್ಯಾಂಕ್ ಆರಿದರೆ 65. ಒಟ್ಟು 145, ಅಂದರೆ ಫೋನು ಸುಮಾರು ಒಂದೂವರೆ ಸಲ ತುಂಬಿದಂತೆ. ಹೊಸ ಫೋನಿನ ಮೇಲೆ ಮಾಡಿದರೆ ಉತ್ತರ ಬಹುಮಟ್ಟಿಗೆ ಸರಿ ಬರುತ್ತದೆ.

● ಪವರ್ ಬ್ಯಾಂಕ್ ಚೆನ್ನಾಗಿದ್ದು ಕೇಬಲ್ ಕೆಟ್ಟದಾಗಿದ್ದರೆ ಏನಾಗುತ್ತದೆ? ತೆಳು ಕೇಬಲ್ಲಿನ ತಂತಿಯಲ್ಲಿ ಕಾಲು ಓಮ್ ತಡೆ ಇದ್ದರೆ, 2 ಆಂಪಿಯರ್ ಹರಿಯುವಾಗ ಅರ್ಧ ವೋಲ್ಟ್ ದಾರಿಯಲ್ಲೇ ಬಿದ್ದುಹೋಗುತ್ತದೆ. ಹತ್ತು ವ್ಯಾಟಿನಲ್ಲಿ ಒಂದು ವ್ಯಾಟ್ ಕೇಬಲನ್ನು ಬಿಸಿ ಮಾಡಲು ಹೋಯಿತು. ಚಾರ್ಜ್ ಆಗುವಾಗ ಕೇಬಲ್ ಮುಟ್ಟಿ ನೋಡಿ, ಬಿಸಿಯಿದ್ದರೆ ಬದಲಿಸಿ.

● ಎಲ್ಲ ಟೈಪ್-ಸಿ ಕೇಬಲ್ಲುಗಳೂ ಒಂದೇ ಅಲ್ಲ. ಸಾಧಾರಣದ್ದು 3 ಆಂಪಿಯರ್, ಹೆಚ್ಚೆಂದರೆ 60 ವ್ಯಾಟ್ ಹೊರುತ್ತದೆ. 5 ಆಂಪಿಯರ್ ಒಯ್ಯುವ ಕೇಬಲ್ಲಿನ ತುದಿಯಲ್ಲಿ ‘ಇ-ಮಾರ್ಕರ್’ ಎಂಬ ಪುಟಾಣಿ ಚಿಪ್ ಇರುತ್ತದೆ. ಅದು ತನ್ನ ಯೋಗ್ಯತೆಯನ್ನು ಹೇಳಿದ ಮೇಲೆಯೇ ಪವರ್ ಬ್ಯಾಂಕ್ ಹೆಚ್ಚಿನ ಕರೆಂಟ್ ಬಿಡುತ್ತದೆ.

● ಹಳೆಯ ಪವರ್ ಬ್ಯಾಂಕುಗಳಲ್ಲಿ ಒಂದು ಪೋರ್ಟಿಗೆ 1 ಆಂಪಿಯರ್, ಇನ್ನೊಂದಕ್ಕೆ 2.1 ಆಂಪಿಯರ್ ಎಂದು ಬರೆದಿರುವುದನ್ನು ನೋಡಿರಬಹುದು. 2.1ರ ಮೂಲ 2010ರಲ್ಲಿ ಬಂದ ಮೊದಲ ಐಪ್ಯಾಡ್. ಅದರ ಚಾರ್ಜರ್ 10 ವ್ಯಾಟಿನದು, 5.1 ವೋಲ್ಟಿನಲ್ಲಿ 2.1 ಆಂಪಿಯರ್. ಕಂಪ್ಯೂಟರಿನ ಯುಎಸ್‌ಬಿ 2.0 ಪೋರ್ಟಿನಿಂದ ಸಿಗುತ್ತಿದ್ದುದು ಬರೀ ಅರ್ಧ ಆಂಪಿಯರ್.

● ‘22.5 ವ್ಯಾಟ್ ಫಾಸ್ಟ್ ಚಾರ್ಜಿಂಗ್’ ಎಂದು ಬರೆದಿದ್ದರೂ ನಿಮ್ಮ ಫೋನಿಗೆ 22.5 ಸಿಗುತ್ತದೆ ಎಂಬ ಖಾತರಿಯಿಲ್ಲ. ಫಾಸ್ಟ್ ಚಾರ್ಜಿಂಗ್ ನಡೆಯಬೇಕಾದರೆ ಪವರ್ ಬ್ಯಾಂಕ್, ಫೋನ್ ಎರಡೂ ಒಂದೇ ಪದ್ಧತಿಯವಾಗಿರಬೇಕು. ಐಫೋನ್, ಐಪ್ಯಾಡ್‌ಗಳದು ಯುಎಸ್‌ಬಿ ಪವರ್ ಡೆಲಿವರಿ, ಸಂಕ್ಷಿಪ್ತವಾಗಿ ಪಿಡಿ. ಸ್ಯಾಮ್‌ಸಂಗಿನ 25 ವ್ಯಾಟಿಗೆ ಪಿಡಿ ಸಾಲದು, ಅದರೊಳಗಿನ ಪಿಪಿಎಸ್ ಎಂಬ ಸೌಲಭ್ಯವೂ ಬೇಕು. ಕೆಲವು ಚೀನೀ ಕಂಪನಿಗಳ 60, 80, 100 ವ್ಯಾಟುಗಳು ಅವುಗಳದೇ ಚಾರ್ಜರ್, ಅವುಗಳದೇ ಕೇಬಲ್ ಇದ್ದಾಗ ಮಾತ್ರ. ಬೇರೆ ಪವರ್ ಬ್ಯಾಂಕಿಗೆ ಸಿಕ್ಕಿಸಿದರೆ ಆ ಫೋನುಗಳು ನಿಧಾನಗತಿಗೆ ಇಳಿಯುತ್ತವೆ. ಕೊಳ್ಳುವ ಮೊದಲು ನಿಮ್ಮ ಫೋನು ಯಾವ ಪದ್ಧತಿಯದು ಎಂದು ತಿಳಿದುಕೊಳ್ಳುವುದೇ ಅರ್ಧ ಕೆಲಸ.

● ಎರಡು ಪೋರ್ಟುಗಳಿಗೆ ಒಟ್ಟಿಗೆ ಸಿಕ್ಕಿಸಿದ ಕೂಡಲೇ ಬಹಳಷ್ಟು ಪವರ್ ಬ್ಯಾಂಕುಗಳಲ್ಲಿ ಫಾಸ್ಟ್ ಚಾರ್ಜಿಂಗ್ ನಿಂತುಹೋಗುತ್ತದೆ. ಚೀಟಿಯಲ್ಲಿ ‘ಟೋಟಲ್ ಔಟ್‌ಪುಟ್ 5 ವೋಲ್ಟ್, 3 ಆಂಪಿಯರ್’ ಎಂದಿದ್ದರೆ ಎರಡಕ್ಕೂ ಸೇರಿ 15 ವ್ಯಾಟ್. ಫೋನು, ಟ್ಯಾಬ್ಲೆಟ್ ಎರಡನ್ನೂ ಒಟ್ಟಿಗೆ ತುಂಬುವವರು ನೋಡಬೇಕಾದ ಸಾಲು ಇದೇ.

● ಟ್ಯಾಬ್ಲೆಟ್ಟಿನಲ್ಲಿ ಪಾಠವೋ ಸಿನಿಮಾವೋ ನೋಡುತ್ತ ಚಾರ್ಜ್ ಮಾಡಿದರೆ ಶೇಕಡಾ ಏರುವುದೇ ಇಲ್ಲ ಎಂಬ ದೂರು ಸಾಮಾನ್ಯ. ದೊಡ್ಡ ಪರದೆ ಪೂರ್ತಿ ಬೆಳಕಿನಲ್ಲಿರುವಾಗ ಟ್ಯಾಬ್ಲೆಟ್ ಐದಾರು ವ್ಯಾಟ್ ತಿನ್ನುತ್ತದೆ. 5 ವೋಲ್ಟ್, 1 ಆಂಪಿಯರ್ ಪೋರ್ಟಿನಿಂದ ಬರುವುದೇ 5 ವ್ಯಾಟ್. ಟ್ಯಾಬ್ಲೆಟ್ಟಿಗೆ ಕನಿಷ್ಠ 18–20 ವ್ಯಾಟಿನ ಪಿಡಿ ಪೋರ್ಟ್ ಬೇಕು.

● ಎಲ್ಲರೂ ಔಟ್‌ಪುಟ್ ಕೇಳುತ್ತಾರೆ, ಇನ್‌ಪುಟ್ ಕೇಳುವವರು ಕಡಿಮೆ. 20,000 ಎಂಎಎಚ್ ಪವರ್ ಬ್ಯಾಂಕನ್ನು 10 ವ್ಯಾಟಿನಲ್ಲಿ ತುಂಬಲು ಒಂಬತ್ತು–ಹತ್ತು ಗಂಟೆ, 18 ವ್ಯಾಟಿನಲ್ಲಿ ಐದಾರು ಗಂಟೆ. ನಗರದವರಿಗೆ ಇದು ರಾತ್ರಿಯಿಡೀ ಸಿಕ್ಕಿಸಿಡುವ ಮಾತು. ದಿನಕ್ಕೆ ಮೂರು ಗಂಟೆ ಮಾತ್ರ ಸರಿಯಾದ ಕರೆಂಟು ಬರುವ ಊರಿನಲ್ಲಿ ಕಥೆಯೇ ಬೇರೆ. ಆ ಮೂರು ಗಂಟೆಯಲ್ಲಿ 10 ವ್ಯಾಟ್ ಇನ್‌ಪುಟ್ 25 ವ್ಯಾಟ್‌ಅವರ್ ತುಂಬಿದರೆ, 18 ವ್ಯಾಟ್ ಇನ್‌ಪುಟ್ 45ರಷ್ಟು ತುಂಬುತ್ತದೆ. ಒಂದು ಫೋನು ನಡೆಯುವುದಕ್ಕೂ ಎರಡು ಫೋನು ನಡೆಯುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ.

● ಫೋನು 80 ದಾಟಿದ ಮೇಲೆ ಚಾರ್ಜಿಂಗ್ ಕುಂಟುವುದು ಪವರ್ ಬ್ಯಾಂಕಿನ ತಪ್ಪಲ್ಲ. ಬಸ್ಸಿನಲ್ಲಿ ಸೀಟು ಖಾಲಿಯಿದ್ದಾಗ ಜನ ಧಡಧಡ ಹತ್ತಿ ಕೂರುತ್ತಾರೆ, ಕೊನೆಯ ಕೆಲವು ಸೀಟಿಗೆ ಹುಡುಕಾಡುತ್ತಾರೆ. ಲಿಥಿಯಂ ಅಯಾನುಗಳೂ ಹಾಗೆಯೇ. ಸೆಲ್ ಸುಮಾರು 4.2 ವೋಲ್ಟ್ ಮುಟ್ಟಿದಾಗ ಫೋನೇ ಕರೆಂಟನ್ನು ಇಳಿಸುತ್ತ ಬರುತ್ತದೆ. ಪ್ರಯಾಣದಲ್ಲಿ 20ರಿಂದ 80ರವರೆಗೆ ತುಂಬಿ ತೆಗೆದರೆ ಸಮಯವೂ ಉಳಿಯುತ್ತದೆ, ಎರಡೂ ಬ್ಯಾಟರಿಗಳ ಬಿಸಿಯೂ ತಗ್ಗುತ್ತದೆ.

● ಇಯರ್‌ಬಡ್ಸ್, ಸ್ಮಾರ್ಟ್ ವಾಚು ಸಿಕ್ಕಿಸಿದರೆ ಪವರ್ ಬ್ಯಾಂಕ್ ಸ್ವಲ್ಪ ಹೊತ್ತಿಗೆ ಆರುತ್ತದೆ. ಅವು ಎಳೆಯುವ ಕರೆಂಟು ತೀರಾ ಕಡಿಮೆ, ಹಾಗಾಗಿ ಏನೂ ಸಿಕ್ಕಿಸಿಲ್ಲ ಎಂದೇ ಅದು ತಿಳಿಯುತ್ತದೆ. ಹಲವು ಮಾಡೆಲ್ಲುಗಳಲ್ಲಿ ಗುಂಡಿಯನ್ನು ಎರಡು ಸಲ ಒತ್ತಿದರೆ ಸಣ್ಣ ಸಾಧನಗಳ ಮೋಡ್ ಶುರುವಾಗುತ್ತದೆ.

● ಫೋನಿನ ಬೆನ್ನಿಗೆ ಅಂಟಿಕೊಳ್ಳುವ ವೈರ್‌ಲೆಸ್ ಪವರ್ ಬ್ಯಾಂಕ್ ಅನುಕೂಲವೇ ಸರಿ, ಆದರೆ ಕೇಬಲ್ಲಿಗೆ ಹೋಲಿಸಿದರೆ ಕಾಲು ಭಾಗದಷ್ಟು ಶಕ್ತಿ ಹೆಚ್ಚಾಗಿ ಬಿಸಿಯ ರೂಪದಲ್ಲಿ ಹೋಗುತ್ತದೆ. ಆ ಬಿಸಿ ಫೋನಿನ ಬ್ಯಾಟರಿಗೇ ತಾಗುತ್ತದೆ. ದೂರದ ಪ್ರಯಾಣಕ್ಕೆ ನಾನಾದರೆ ಕೇಬಲ್ಲಿನದ್ದನ್ನೇ ಆರಿಸುತ್ತೇನೆ.

● ಸೋಲಾರ್ ಪವರ್ ಬ್ಯಾಂಕ್? ಫೋನಿನ ಅಗಲದ ಫಲಕ, 15 ಸೆಂಟಿಮೀಟರ್ ಉದ್ದ, 7.5 ಸೆಂಟಿಮೀಟರ್ ಅಗಲ. ನಡುಹಗಲಿನ ಸುಡುಬಿಸಿಲಿನಲ್ಲಿ, ಫಲಕದ ದಕ್ಷತೆ ಶೇ 20 ಎಂದು ಹಿಡಿದರೂ ಅದರಿಂದ ಬರುವುದು 2 ವ್ಯಾಟ್ ಚಿಲ್ಲರೆ. 20,000 ಎಂಎಎಚ್ ತುಂಬಲು ನಲವತ್ತು ಗಂಟೆಯಷ್ಟು ಚುರುಕು ಬಿಸಿಲು ಬೇಕು, ಅಂದರೆ ಒಂದು ವಾರ. ಆ ವಾರವಿಡೀ ಲಿಥಿಯಂ ಸೆಲ್ಲನ್ನು ಬಿಸಿಲಿಗೆ ಇಟ್ಟು ಬೇಯಿಸಿದಂತೆ. ಸೂರ್ಯನ ಶಕ್ತಿ ಬೇಕೆಂದರೆ ಬೇರೆಯಾಗಿ ಮಡಚುವ ಫಲಕ ಕೊಂಡು ಅದನ್ನು ಬಿಸಿಲಿನಲ್ಲಿಡಿ, ಪವರ್ ಬ್ಯಾಂಕನ್ನು ನೆರಳಿನಲ್ಲಿಡಿ.

● ನಾಲ್ಕು ಚುಕ್ಕಿ ದೀಪಗಳಲ್ಲಿ ಎರಡು ಉರಿದರೆ ಅರ್ಧ ಉಳಿದಿದೆ ಎಂದು ನಂಬಬೇಡಿ. ಅಗ್ಗದ ಪವರ್ ಬ್ಯಾಂಕುಗಳು ಸೆಲ್ಲಿನ ಒತ್ತಡ ನೋಡಿ ದೀಪ ಉರಿಸುತ್ತವೆ, ಲಿಥಿಯಂ ಸೆಲ್ಲಿನ ಒತ್ತಡ ನಡುವಿನ ಬಹುಭಾಗ ಹೆಚ್ಚು ಕದಲುವುದೇ ಇಲ್ಲ. ಅಂಕಿ ತೋರಿಸುವ ಪರದೆ ಇದ್ದರೆ ಸ್ವಲ್ಪ ಮೇಲು.

● ಲಿಥಿಯಂ-ಅಯಾನ್ ಸೆಲ್ಲನ್ನು ಚಾರ್ಜ್ ಮಾಡಬಹುದಾದ ಉಷ್ಣತೆ ಸಾಮಾನ್ಯವಾಗಿ 0ಯಿಂದ 45 ಡಿಗ್ರಿ ಸೆಲ್ಸಿಯಸ್. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ನೆರಳಿನಲ್ಲೇ 42 ಮುಟ್ಟುತ್ತದೆ. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅದಕ್ಕಿಂತ ಬಹಳ ಮೇಲೆ ಹೋಗುತ್ತದೆ. ಅಲ್ಲಿ ಪವರ್ ಬ್ಯಾಂಕ್ ಬಿಟ್ಟು ಹೋಗಬೇಡಿ. ದಿಂಬಿನಡಿ, ಹೊದಿಕೆಯೊಳಗೆ ಇಟ್ಟು ಚಾರ್ಜ್ ಮಾಡುವುದೂ ಅಷ್ಟೇ ಅಪಾಯ, ಬಿಸಿ ಹೋಗಲು ಅಲ್ಲಿ ದಾರಿಯಿಲ್ಲ. ಲಡಾಖಿಗೆ ಹೊರಟವರಿಗೆ ಇನ್ನೊಂದು ತುದಿಯ ಎಚ್ಚರ: ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ಲಿನೊಳಗೆ ಲಿಥಿಯಂ ಲೋಹವಾಗಿ ಪದರಗಟ್ಟುತ್ತದೆ, ಆ ಹಾನಿ ಮತ್ತೆ ಸರಿಹೋಗುವುದಿಲ್ಲ.

● ಹೊಸ ಪವರ್ ಬ್ಯಾಂಕ್ ಪೆಟ್ಟಿಗೆಯಿಂದ ತೆಗೆದಾಗ ಪೂರ್ತಿ ತುಂಬಿರುವುದಿಲ್ಲ. ವಿಮಾನದ ಸರಕಿನಲ್ಲಿ ಹೋಗುವ ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಗಳ ಚಾರ್ಜ್ ಶೇ 30 ಮೀರಬಾರದು ಎಂಬ ಅಂತರರಾಷ್ಟ್ರೀಯ ನಿಯಮ 2016ರ ಏಪ್ರಿಲ್ 1ರಿಂದ ಇದೆ. ನೀವೂ ತಿಂಗಳುಗಟ್ಟಲೆ ಎತ್ತಿಡುವುದಾದರೆ ಅರ್ಧದಷ್ಟು ತುಂಬಿ ತಂಪಾದ ಜಾಗದಲ್ಲಿಡಿ. ಪೂರ್ತಿ ತುಂಬಿಯೂ ಬೇಡ, ಪೂರ್ತಿ ಬರಿದಾಗಿಯೂ ಬೇಡ.

● ಕೆಲವು ಪವರ್ ಬ್ಯಾಂಕುಗಳು 27,000ದ ಹತ್ತಿರ ಬಂದು ನಿಲ್ಲುವುದು ಯಾಕೆ? 27,000ವನ್ನು 3.7ರಿಂದ ಗುಣಿಸಿ ನೋಡಿ: 99.9 ವ್ಯಾಟ್‌ಅವರ್. ವಿಮಾನದಲ್ಲಿ ಯಾವ ಅನುಮತಿಯೂ ಇಲ್ಲದೆ ಒಯ್ಯಬಹುದಾದ ಮಿತಿ 100. ನೂರರಿಂದ 160ರವರೆಗೆ ವಿಮಾನ ಕಂಪನಿಯ ಅನುಮತಿ ಬೇಕು, ಅದಕ್ಕೂ ಮೇಲೆ ಪ್ರಯಾಣಿಕರು ಒಯ್ಯುವಂತೆಯೇ ಇಲ್ಲ. ಎಷ್ಟೇ ಚಿಕ್ಕದಾಗಿರಲಿ, ಪವರ್ ಬ್ಯಾಂಕ್ ಇರಬೇಕಾದದ್ದು ಕೈಚೀಲದಲ್ಲಿ. ಚೆಕ್-ಇನ್ ಲಗೇಜಿಗೆ ಹಾಕಬಾರದು. ಸರಕಿನ ಕೋಣೆಯಲ್ಲಿ ಹೊತ್ತಿಕೊಂಡರೆ ಕಾಣುವವರು, ಆರಿಸುವವರು ಅಲ್ಲಿಲ್ಲ.

ಚೀಟಿ ಉಜ್ಜಿ ಅಳಿಸಿಹೋದ ಪವರ್ ಬ್ಯಾಂಕನ್ನು ಭದ್ರತಾ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳಬಹುದು. ವ್ಯಾಟ್‌ಅವರ್ ಎಷ್ಟೆಂದು ಓದಲು ಆಗದಿದ್ದರೆ ಅವರಿಗೆ ಬೇರೆ ದಾರಿಯಿರುವುದಿಲ್ಲ.

● 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೆ ವಿಮಾನ ನಿಲ್ದಾಣದಲ್ಲಿ ಹಾಂಗ್‌ಕಾಂಗಿಗೆ ಹೊರಡಲಿದ್ದ ಏರ್ ಬುಸಾನ್ ವಿಮಾನದ ತಲೆಯ ಮೇಲಿನ ಲಗೇಜ್ ಪೆಟ್ಟಿಗೆಯಲ್ಲಿ ಬೆಂಕಿ ಹತ್ತಿತು. ಒಳಗಿದ್ದ 176 ಮಂದಿಯೂ ಜಾರುಹಾಸಿನ ಮೂಲಕ ಪಾರಾದರು, ವಿಮಾನದ ಮೇಲ್ಭಾಗ ಸುಟ್ಟುಹೋಯಿತು. ಪವರ್ ಬ್ಯಾಂಕಿನೊಳಗಿನ ನಿರೋಧಕ ಪದರ ಹಾಳಾದದ್ದೇ ಕಾರಣವಿರಬಹುದು ಎಂದು ಮಾರ್ಚ್‌ನ ಮಧ್ಯಂತರ ವರದಿ ಹೇಳಿತು. ಮಾರ್ಚ್ 1ರಿಂದ ಆ ದೇಶದ ವಿಮಾನಗಳಲ್ಲಿ ಪವರ್ ಬ್ಯಾಂಕನ್ನು ತಲೆಯ ಮೇಲಿನ ಪೆಟ್ಟಿಗೆಯಲ್ಲಿ ಇಡುವಂತಿಲ್ಲ, ಪ್ರಯಾಣಿಕರ ಬಳಿಯೇ ಇರಬೇಕು. ಚೀನಾದಲ್ಲಿ ಜೂನ್ 28ರಿಂದ ‘3ಸಿ’ ಎಂಬ ಆ ದೇಶದ ಸುರಕ್ಷತಾ ಗುರುತಿಲ್ಲದ ಪವರ್ ಬ್ಯಾಂಕುಗಳಿಗೆ ದೇಶದೊಳಗಿನ ವಿಮಾನಗಳಲ್ಲಿ ಪ್ರವೇಶವಿಲ್ಲ. ಬೆಂಗಳೂರಿನಿಂದ ದುಬೈಗೆ ಹೋಗುವವರು ಗಮನಿಸಿ: ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ವಿಮಾನದಲ್ಲಿ ಪವರ್ ಬ್ಯಾಂಕ್ ಬಳಸುವುದನ್ನೇ ನಿಷೇಧಿಸಿದೆ. ನೂರು ವ್ಯಾಟ್‌ಅವರ್ ಒಳಗಿನ ಒಂದನ್ನು ಮಾತ್ರ ಒಯ್ಯಬಹುದು.

● ರೈಲಿನಲ್ಲಿ ರಾತ್ರಿ ಚಾರ್ಜ್ ಮಾಡೋಣ ಎಂದುಕೊಂಡು ಹತ್ತಿದವರಿಗೆ ರಾತ್ರಿ 11ರ ನಂತರ ಪ್ಲಗ್ಗಿನಲ್ಲಿ ಕರೆಂಟ್ ಇಲ್ಲದಿರುವುದು ಅನುಭವಕ್ಕೆ ಬಂದಿರಬಹುದು. 2013ರ ಡಿಸೆಂಬರ್‌ನಲ್ಲಿ ಬೆಂಗಳೂರು–ನಾಂದೇಡ್ ಎಕ್ಸ್‌ಪ್ರೆಸ್ಸಿನ ಬೋಗಿಗೆ ಬೆಂಕಿ ಬಿದ್ದು 26 ಮಂದಿ ಸತ್ತರು. ಆನಂತರ ರೈಲ್ವೆ ಸುರಕ್ಷತಾ ಆಯುಕ್ತರು ರಾತ್ರಿ 11ರಿಂದ ಬೆಳಗಿನ 5ರವರೆಗೆ ಚಾರ್ಜಿಂಗ್ ಪಾಯಿಂಟ್ ಆರಿಸಿಡಲು ಶಿಫಾರಸು ಮಾಡಿದರು. 2021ರಲ್ಲಿ ಅದು ಮತ್ತೆ ಬಿಗಿಯಾಗಿ ಜಾರಿಗೆ ಬಂತು. ರಾತ್ರಿ ಪ್ರಯಾಣದಲ್ಲಿ ಪವರ್ ಬ್ಯಾಂಕ್ ಜತೆಗಿರಲಿ, ಆದರೆ ಫೋನಿಗೆ ಸಿಕ್ಕಿಸಿ ಹೊದಿಕೆಯೊಳಗೆ ಹಾಕಿಕೊಂಡು ಮಲಗಬೇಡಿ.

● ನಿಲ್ದಾಣ, ಮಾಲುಗಳ ಸಾರ್ವಜನಿಕ ಯುಎಸ್‌ಬಿ ಪೋರ್ಟುಗಳಿಂದ ಫೋನಿನ ಮಾಹಿತಿ ಕದಿಯುವ ‘ಜ್ಯೂಸ್ ಜಾಕಿಂಗ್’ ಬಗ್ಗೆ ರಿಸರ್ವ್ ಬ್ಯಾಂಕ್ 2022ರ ತನ್ನ ಎಚ್ಚರಿಕೆಯ ಕೈಪಿಡಿಯಲ್ಲಿ ಬರೆದಿದೆ. ನಿಮ್ಮದೇ ಪವರ್ ಬ್ಯಾಂಕ್ ಇದ್ದರೆ ಆ ಚಿಂತೆಯಿಲ್ಲ.

● ಇಷ್ಟೆಲ್ಲ ಶಕ್ತಿ ಜೇಬಿನಲ್ಲಿ ಕೂರುವಂತಾಗಿದ್ದು ಮೂವರಿಂದ. ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಜಾನ್ ಗುಡ್‌ಇನಫ್, ಅಕಿರಾ ಯೊಶಿನೊ. ಸೋನಿ ಕಂಪನಿ 1991ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಈ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂದದ್ದು 2019ರಲ್ಲಿ. ಆಗ ಗುಡ್‌ಇನಫ್‌ಗೆ 97 ವರ್ಷ, ನೊಬೆಲ್ ಪಡೆದವರಲ್ಲೇ ಅತಿ ಹಿರಿಯರು.

● 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಲಿಥಿಯಂ ಇರುವುದು ಸುಮಾರು 3 ಗ್ರಾಂ. ನಮ್ಮ ಮಂಡ್ಯ ಜಿಲ್ಲೆಯ ಮರ್ಲಗಲ್ಲ ಪ್ರದೇಶದ ಶಿಲೆಗಳಲ್ಲಿ 1,600 ಟನ್ ಲಿಥಿಯಂ ಇರಬಹುದೆಂದು ಪರಮಾಣು ಖನಿಜ ನಿರ್ದೇಶನಾಲಯ ಪ್ರಾಥಮಿಕವಾಗಿ ಅಂದಾಜು ಮಾಡಿದೆ.

● ಹೆಸರಾಂತ ಕಂಪನಿಯ ಮಾಲೂ ವಾಪಸ್ ಬರುವುದುಂಟು. 2025ರ ಜೂನ್‌ನಲ್ಲಿ ಆಂಕರ್ ಕಂಪನಿ ತನ್ನ ‘ಪವರ್‌ಕೋರ್ 10000’ ಮಾದರಿಯ 11 ಲಕ್ಷಕ್ಕೂ ಹೆಚ್ಚು ಪವರ್ ಬ್ಯಾಂಕುಗಳನ್ನು ಅಮೆರಿಕದಲ್ಲಿ ಹಿಂದಕ್ಕೆ ಕರೆಸಿಕೊಂಡಿತು, ಸೆಲ್ ಅತಿಯಾಗಿ ಬಿಸಿಯಾಗುವ ಭಯದಿಂದ. ಇದರಿಂದ ಕಲಿಯಬೇಕಾದದ್ದು ಒಂದಿದೆ: ಮಾಡೆಲ್ ಸಂಖ್ಯೆ, ಸೀರಿಯಲ್ ಸಂಖ್ಯೆ ಎರಡೂ ಓದುವಂತಿರಲಿ. ಅವಿಲ್ಲದ ಪವರ್ ಬ್ಯಾಂಕಿಗೆ ಯಾವ ಎಚ್ಚರಿಕೆಯೂ ತಲುಪುವುದಿಲ್ಲ.

● ಡಬ್ಬಿ ಉಬ್ಬಿದೆ, ಮೇಜಿನ ಮೇಲಿಟ್ಟರೆ ತೂಗಾಡುತ್ತಿದೆ, ಜೋಡಣೆಯ ಅಂಚು ಬಿರುಕು ಬಿಟ್ಟಿದೆ, ಸಿಹಿಯಾದ ರಾಸಾಯನಿಕ ವಾಸನೆ ಬರುತ್ತಿದೆ. ಇವುಗಳಲ್ಲಿ ಯಾವುದೊಂದು ಕಂಡರೂ ಆ ಕ್ಷಣವೇ ಬಳಕೆ ನಿಲ್ಲಿಸಿ. ಒತ್ತಿ ಸರಿಮಾಡಲು, ಚುಚ್ಚಿ ಗಾಳಿ ಬಿಡಲು ಹೋಗಬೇಡಿ. ಒಳಗಿನ ಪದರಗಳು ಒಂದಕ್ಕೊಂದು ತಾಗಿದರೆ ‘ಥರ್ಮಲ್ ರನ್‌ಅವೇ’ ಶುರುವಾಗುತ್ತದೆ. ಬಿಸಿಯಿಂದ ರಾಸಾಯನಿಕ ಕ್ರಿಯೆ, ಕ್ರಿಯೆಯಿಂದ ಇನ್ನಷ್ಟು ಬಿಸಿ, ಒಂದು ಸೆಲ್ಲಿನಿಂದ ಪಕ್ಕದ ಸೆಲ್ಲಿಗೆ. ಹೊತ್ತಿಕೊಂಡರೆ ಮೊದಲು ಗೋಡೆಯ ಸ್ವಿಚ್ ಆರಿಸಿ, ಹೊಗೆ ಉಸಿರಾಡದೆ ದೂರ ನಿಂತು ಧಾರಾಳವಾಗಿ ನೀರು ಸುರಿಯಿರಿ. ನೀರಿನ ಕೆಲಸ ಸೆಲ್ಲುಗಳನ್ನು ತಣಿಸುವುದು. ಜ್ವಾಲೆ ಆರಿದ ಮೇಲೂ ನೀರು ನಿಲ್ಲಿಸಬೇಡಿ, ಪಕ್ಕದ ಸೆಲ್ ತಣ್ಣಗಾಗದಿದ್ದರೆ ಮತ್ತೆ ಹೊತ್ತುತ್ತದೆ.

● ಹಳೆಯ ಪವರ್ ಬ್ಯಾಂಕನ್ನು ಕಸದ ಬುಟ್ಟಿಗೆ ಹಾಕಬಾರದು ಎಂಬುದಕ್ಕೆ ಚೀಟಿಯ ಮೇಲೆಯೇ ಗುರುತಿದೆ: ಅಡ್ಡಗೆರೆ ಹೊಡೆದ ಚಕ್ರದ ಕಸದ ಡಬ್ಬಿ. ಕಸದ ಲಾರಿಯ ಒತ್ತುಯಂತ್ರದಲ್ಲಿ ಸೆಲ್ ಜಜ್ಜಿದರೆ ಅಲ್ಲೇ ಬೆಂಕಿ, ತೊಂದರೆ ಪೌರಕಾರ್ಮಿಕರಿಗೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಕರ್ನಾಟಕಕ್ಕೆ ಈ ಕೆಲಸ ಹೊಸದಲ್ಲ. ದೇಶದಲ್ಲೇ ಸರ್ಕಾರದ ಅನುಮತಿ ಪಡೆದ ಮೊದಲ ಇ-ತ್ಯಾಜ್ಯ ಮರುಬಳಕೆ ಘಟಕ, ಇ-ಪರಿಸರ, 2005ರಲ್ಲಿ ಶುರುವಾದದ್ದು ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ. ನಿಮ್ಮ ಊರಿನ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡುವ ಮೊದಲು ಪವರ್ ಬ್ಯಾಂಕನ್ನು ಪೂರ್ತಿ ಬರಿದು ಮಾಡಿ, ಪೋರ್ಟುಗಳ ಮೇಲೆ ಟೇಪು ಅಂಟಿಸಿ, ಉಬ್ಬಿದ್ದರೆ ಹಾಗೆಂದು ಬಾಯಿಬಿಟ್ಟು ಹೇಳಿ ಕೊಡಿ.